ಸವಳು ಎಂದು ಬರೆದ ಜಾಗ

ಹೊಸದಾಗಿ ನೇಮಕವಾದ ಭೂಮಾಪಕರಿಗೆ ಒಂದು ಪಾಠ ಹೇಳಿ ಎಂದು ಮೇಲಿನವರು ನನ್ನನ್ನು ಕರೆಸಿದ್ದರು. ವಿಷಯವನ್ನೂ ಅವರೇ ಕೊಟ್ಟಿದ್ದರು: ಕೆಲಸದಲ್ಲಿ ಗೆಲ್ಲಲು ಬೇಕಾದ ಮನೋಭಾವ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳ ಹೊಲಗಳಲ್ಲಿ ಇಪ್ಪತ್ತು ವರ್ಷ ಅಳತೆ ಮಾಡಿದವನು ನಾನು. ನನ್ನ ಅಳತೆಯನ್ನು ಮತ್ತೊಬ್ಬ ಬಂದು ತಿರುಗಿಸಿದ್ದು ಒಂದು ಸಲವೂ ಇಲ್ಲ ಎಂಬುದು ನನ್ನ ದೊಡ್ಡಸ್ತಿಕೆ. ಅದನ್ನೇ ಅವರೆದುರೂ ಕೊಚ್ಚಿಕೊಂಡೆ. ಬೇಗ ಮುಗಿಸಿ, ಯಾರ ಮುಲಾಜಿಗೂ ಬೀಳಬೇಡಿ, ಕಲ್ಲನ್ನು ನಂಬಿ, ಜನರ ಬಾಯಿಯನ್ನು ನಂಬಬೇಡಿ ಎಂದೆ.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಸರ್, ಒಮ್ಮಿ ತಪ್ಪ ಅಳದ್ವಿ ಅಂದ್ರ ಏನ್ ಮಾಡ್ಬೇಕ್ರಿ?" ಎಂದು ಕೇಳಿದಳು.

"ತಪ್ಪಾಗದಂಗ ಅಳೀಬೇಕವಾ," ಎಂದೆ.

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಅದು ನನ್ನ ಕೆನ್ನೆಗೇ ಬಿದ್ದಂತಾಯಿತು. ಏಕೆಂದರೆ ನಾನು ಒಂದು ಹೊಲವನ್ನು ತಪ್ಪಾಗಿ ಅಳೆದಿದ್ದೆ. ತಪ್ಪೆಂದು ತಿಳಿದ ಮೇಲೂ ಒಂದು ವರ್ಷದಿಂದ ಸುಮ್ಮನಿದ್ದೆ.

ನನಗೆ ಕೆಲಸ ಕಲಿಸಿದ ಹಿರಿಯ ಭೂಮಾಪಕರೊಬ್ಬರಿದ್ದರು. ಅವರು ಹೊಲಕ್ಕೆ ಹೋದ ಕೂಡಲೇ ಸರಪಳಿ ಬಿಚ್ಚುತ್ತಿರಲಿಲ್ಲ. ಅಕ್ಕಪಕ್ಕದ ಎರಡೂ ಹೊಲದವರನ್ನು ಜೊತೆಗೆ ಕರೆದುಕೊಂಡು ಮೊದಲು ಬದುವಿನ ಮೇಲೆ ಒಂದು ಸುತ್ತು ನಡೆಯುತ್ತಿದ್ದರು. ಪ್ರತಿ ಕಲ್ಲಿನ ಹತ್ತಿರ ನಿಂತು, "ಈ ಕಲ್ಲ ಯಾವಾಗರ ಎದ್ದಿತ್ತೇನ್ರಿ?" ಎಂದು ಕೇಳುತ್ತಿದ್ದರು. ನಮ್ಮ ಎರೆ ಭೂಮಿಯ ಗುಣವೇ ಹಾಗೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರಲ್ಲಿ ನೆಟ್ಟ ಕಲ್ಲು ವಾಲುತ್ತದೆ, ಹೂತುಹೋಗುತ್ತದೆ. ಟ್ರ್ಯಾಕ್ಟರ್ ತಗುಲಿ ಕಿತ್ತರೆ ಯಾರೋ ಅಂದಾಜಿನಲ್ಲಿ ಮತ್ತೆ ನೆಡುತ್ತಾರೆ. ಆ ಹಿರಿಯರು ಮಜ್ಜಿಗೆ ಕುಡಿದರೂ ಎರಡೂ ಕಡೆಯವರದನ್ನು ಕುಡಿಯುತ್ತಿದ್ದರು. ಹೀಗಾಗಿ ಅವರಿಗೆ ದಿನಕ್ಕೆ ಒಂದೇ ಹೊಲ ಮುಗಿಯುತ್ತಿತ್ತು. ನಾನು ಮೂರು ಮುಗಿಸುತ್ತಿದ್ದೆ. ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದನ್ನೇ ಪ್ರಾಮಾಣಿಕತೆ ಎಂದು ತಿಳಿದಿದ್ದೆ.

"ನಿನ್ನ ಕೈ ಚಲೋ ಐತಿ, ಕಿವಿ ಮಂದ ಐತಿ," ಎಂದು ಒಮ್ಮೆ ಅವರು ಅಂದರು. ಮುದುಕರಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾನು.

ಮೂರು ವರ್ಷದ ಹಿಂದೆ ತಾಂಬಾ ಊರಿನಾಚೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ನಿಂಬೆ ತೋಟದವರೊಬ್ಬರು ತಮ್ಮ ಗಡಿ ಗುರುತಿಸಿಕೊಡಿ ಎಂದು ಅರ್ಜಿ ಹಾಕಿದ್ದರು. ಅವರ ಪಕ್ಕದ ಜೋಳದ ಹೊಲ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡಿದ್ದರು, ಬೇಸಾಯವೆಲ್ಲ ಅವಳದೇ. ಆಳೆತ್ತರದ ಜೋಳದ ನಡುವೆ, ಬದುವಿಗೆ ಅಂಟಿಕೊಂಡಂತೆ, ಒಂದು ಆಳುದ್ದದ ಜಾಗವನ್ನು ಬಿತ್ತದೆ ಬಿಟ್ಟಿದ್ದರು. ಉಪ್ಪೇರಿದ ನೆಲವಿರಬೇಕೆಂದು 'ಸವಳು' ಎಂದು ಬಾಯಲ್ಲಿ ಹೇಳುತ್ತಲೇ ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಅವಳು ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರ, ಒಂದ್ ಮಾತೈತ್ರಿ. ಆ ಮೂಲಿ ಕಲ್ಲ..." ಎಂದಳು.

ನಾನು ತಲೆ ಎತ್ತಲಿಲ್ಲ. "ಏನಿದ್ರೂ ಅರ್ಜಿ ಬರದ್ ಕೊಡವಾ. ಹೊಲದಾಗ ಮಂದಿ ಮಾತಾಡಂಗಿಲ್ಲ, ಕಲ್ಲ ಮಾತಾಡ್ತಾವ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವಳು ತಲೆಯ ಮೇಲಿನ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಮೂಲೆಯ ಕಲ್ಲು ಸರಿಯಿದೆಯೋ ಇಲ್ಲವೋ ಎಂದು ದೂರದ ಇನ್ನೊಂದು ಕಲ್ಲಿನಿಂದ ತಾಳೆ ನೋಡಬೇಕಿತ್ತು. ಅದು ಎರಡು ಹೊಲ ಆಚೆಗಿತ್ತು, ನಾನು ಸಂಜೆಯೊಳಗೆ ಇನ್ನೊಂದು ಊರು ಮುಟ್ಟಬೇಕಿತ್ತು. ನೋಡಲಿಲ್ಲ. ಗಡಿ ಹಾಕಿ ಹೊಸ ಕಲ್ಲು ನೆಡಿಸಿದೆ. ಆ ಬಿತ್ತದ ಜಾಗ ನಿಂಬೆ ತೋಟದವರ ಪಾಲಿಗೆ ಹೋಯಿತು. ಪಂಚನಾಮೆಗೆ ಅವಳು ಏನೂ ಅನ್ನದೆ ಸಹಿ ಹಾಕಿದಳು. ಜಗಳವಿಲ್ಲದೆ ಮುಗಿಯಿತಲ್ಲ ಎಂದು ನಾನು ಬೀಗಿದೆ.

ಎರಡು ವರ್ಷದ ಮೇಲೆ ಅದೇ ಊರಿನ ಇನ್ನೊಂದು ಹೊಲಕ್ಕೆ ಹೋದಾಗ ಕೈಯಲ್ಲಿ ಹೊಸ ಯಂತ್ರವಿತ್ತು. ಅದರಲ್ಲಿ ಆ ಮೂಲೆಯ ಕಲ್ಲು ಎರಡು ಮಾರು ತಪ್ಪು ತೋರಿಸಿತು. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ. ತಲೆ ಎತ್ತಿದರೆ ಬದುವಿನ ಮೇಲೆ ಅವಳು ನಿಂತಿದ್ದಳು.

"ಆ ಕಲ್ಲ ಟ್ರ್ಯಾಕ್ಟರ್ ಬಡದು ಬಿದ್ದಿತ್ರಿ," ಎಂದಳು. "ಅವತ್ತ ಅದನ್ನ ಹೇಳಾಕ ಬಂದಿದ್ನಿ. ನೀವ್ ಸವಳ ಅಂದ್ರಿ, ಅದು ಸವಳಲ್ರಿ. ನಮ್ಮ ಮನಿಯವ್ರನ್ನ ಇಟ್ಟ ಜಾಗ ಅದು."

ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಗಂಡನ ಪಕ್ಕದಲ್ಲೇ ಹೆಂಡತಿ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರದ ಸಂಗತಿಯೇ? ಬಿತ್ತದೆ ಬಿಟ್ಟ ಆಳುದ್ದದ ಜಾಗ ಕಂಡಾಗ ಬೇರೆ ಯಾರಿಗಾದರೂ ಹೊಳೆಯುತ್ತಿತ್ತು.

"ಅಮಾಸಿಗೆ ಒಂದ್ ಹೂವ ಇಡಾಕ ಮಂದೀನ್ನ ಕೇಳ್ಬೇಕಾಗೇತಿ. ಇರ್ಲಿ. ನಾಳೆ ನನ್ನೂ ಅವ್ರ ಬಾಜೂಕ ಇಡ್ಬೇಕಲ್ರಿ. ನಾ ಇರೂದ್ರಾಗ ಸರಿ ಮಾಡ್ರಿ ಸಾಹೇಬ್ರ."

"ನೋಡ್ತೇನಿ ಬಿಡವಾ," ಎಂದೆ.

ಮಾಡಬೇಕಾಗಿದ್ದದ್ದು ಬಹಳವೇನಲ್ಲ. ನನ್ನ ಅಳತೆ ತಪ್ಪಿದೆ, ಮರು ಅಳತೆ ಆಗಬೇಕು ಎಂದು ಒಂದು ಹಾಳೆ ಬರೆದುಕೊಡಬೇಕಿತ್ತು. ಅದರಿಂದ ನೌಕರಿಗೇನೂ ಧಕ್ಕೆ ಬರುತ್ತಿರಲಿಲ್ಲ. ಎರಡು ಸಲ ಬರೆಯಲು ಕೂತೆ. 'ನನ್ನ ತಪ್ಪಿನಿಂದ' ಎಂಬಲ್ಲಿಗೆ ಬಂದು ಪೆನ್ನು ನಿಂತುಬಿಡುತ್ತಿತ್ತು. ಒಂದೂ ಕಪ್ಪು ಚುಕ್ಕೆಯಿಲ್ಲದ ಇಪ್ಪತ್ತು ವರ್ಷ ಎಂಬ ಸೊಕ್ಕು ಕೈ ಹಿಡಿಯುತ್ತಿತ್ತು. ಮುಂದಿನ ವಾರ, ಮುಂದಿನ ತಿಂಗಳು ಎಂದು ದೂಡುತ್ತಾ ವರ್ಷ ಕಳೆದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ಅಳತೆ ತಪ್ಪಿದ್ದಕ್ಕೆ ಅವಸರ ಕಾರಣ ಎನ್ನಬಹುದು, ಸುಮ್ಮನಿದ್ದದ್ದಕ್ಕೆ ಏನು ಹೇಳಲಿ?

ಪಾಠ ಹೇಳಿ ಮನೆಗೆ ಬಂದ ದಿನವೇ ಆ ಹಾಳೆ ಬರೆದೆ. ಮರುದಿನ ಕಚೇರಿಗೆ ಕೊಟ್ಟು, ಅವಳಿಗೆ ನಾನೇ ಹೇಳಬೇಕೆಂದು ಬಸ್ಸು ಹತ್ತಿದೆ. ಹೊಲದಲ್ಲಿ ಸಿಕ್ಕವರು ನಿಂಬೆ ತೋಟದ ಯಜಮಾನರು.

"ಆಕಿ ಹೋಗಿ ಎರಡ ತಿಂಗಳಾತಲ್ರಿ," ಎಂದರು.

ಅವರೇ ಮುಂದುವರಿಸಿದರು. "ನಾವೇನ್ ಬ್ಯಾಡ ಅಂದಿದ್ದಿಲ್ರಿ. ಬಾಜೂಕ ಇಡ್ರಿ, ಜಾಗ ಬಿಡ್ತೀವಿ ಅಂತ ನಾನ ಹೋಗಿ ಹೇಳಿದ್ನಿ. ಆದ್ರ ಸಾಯೂಕಿಂತ ಮೊದಲ ಆಕಿ ಮಗಳ ಮುಂದ ಹೇಳಿದ್ಲಂತ, ಮಂದಿ ಹೊಲದಾಗ ನನ್ನ ಇಡಬ್ಯಾಡ್ರಿ ಅಂತ."

ಅವಳ ಹೊಲಕ್ಕೆ ಇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದನ್ನು ಕಾಲಡಿಯಲ್ಲೇ ಕಂಡೆ. ಈಚೆಗೆ ಅವಳು, ಇನ್ನೂ ಕುಸಿಯದ ಹೊಸ ಮಣ್ಣು. ಆಚೆಗೆ, ನಿಂಬೆ ಗಿಡಗಳ ಸಾಲಿನಲ್ಲಿ ಅವಳ ಗಂಡ. ನಡುವೆ ನಾನು ನೆಡಿಸಿದ ಕಲ್ಲು. ಮರು ಅಳತೆಯಾದರೆ ಆ ಕಲ್ಲನ್ನು ಕಿತ್ತು ಗಂಡನ ಜಾಗದ ಆಚೆಗೆ ನೆಡುತ್ತಾರೆ.

ಯಂತ್ರ ತಂದಿರಲಿಲ್ಲ. ಅವಳಿಂದ ಗಂಡನವರೆಗೆ ಹೆಜ್ಜೆ ಹಾಕಿ ಅಳೆದೆ. ಒಂಬತ್ತು ಹೆಜ್ಜೆ. ತೋಟದ ಯಜಮಾನರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಮತ್ತೊಮ್ಮೆ ಅಳೆದೆ. ಆ ಅಳತೆಯಲ್ಲಿ ಮಾತ್ರ ತಪ್ಪಿರಲಿಲ್ಲ.