ಹಸಿರು ನಿಶಾನೆಗೆ ಕಾದ ಚಾರಣ

ಆಗ ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಸುರಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸೀಟಿ ಊದುವುದು. ನನ್ನ ಸಿಟ್ಟು ಕಾಲೇಜಿಗೆಲ್ಲ ಗೊತ್ತಿತ್ತು. ನಾನು ಮೈದಾನಕ್ಕೆ ಬಂದರೆ ಹುಡುಗರ ಮೊಬೈಲುಗಳು ತಾವಾಗಿಯೇ ಜೇಬು ಸೇರುತ್ತಿದ್ದವು. ಆ ವರ್ಷ ಫೆಬ್ರುವರಿ ಕೊನೆಗೆ ನಲವತ್ತು ವಿದ್ಯಾರ್ಥಿಗಳನ್ನು ವಾಗಣಗೇರಾ ಕೋಟೆಯ ಚಾರಣಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂತು.

ಚಾರಣವೆಂದರೆ ಬೆಟ್ಟ ಹತ್ತುವುದಷ್ಟೇ ಅಲ್ಲ. ಮೊದಲು ‘ರೆಕ್ಕಿ’ ಮಾಡಬೇಕು, ಅಂದರೆ ಮುಂಚಿತವಾಗಿ ಹೋಗಿ ದಾರಿ, ನೆರಳು, ನೀರು ನೋಡಿ ಬರಬೇಕು. ವಾರ ಮೊದಲೇ ಹೋದೆ. ಕೋಟೆಯ ಬುಡದಲ್ಲಿ ಆಡು ಮೇಯಿಸುವ ಹಣಮವ್ವ ಸಿಕ್ಕಳು. ಅರವತ್ತು ದಾಟಿದ ಹೆಂಗಸು, ನನಗಿಂತ ಚುರುಕಾಗಿ ಹತ್ತಿದಳು. ಮೇಲಿನ ಹೊಂಡದ ನೀರು ಕುಡಿಯಬಹುದೇ ಎಂದು ಕೇಳಿದೆ.

“ಅದನ್ನ ನಮ್ಮ ಆಡೂ ಮೂಸಂಗಿಲ್ರಿ ಅಕ್ಕೋರ. ನಿಮ್ಮ ನೀರು ನೀವ ಹೊರ್ರಿ. ಮತ್ತ ಹೊತ್ತು ಏರೋದ್ರಾಗ ಇಳದ್ ಬಿಡ್ರಿ. ಆಮ್ಯಾಲ ಕಲ್ಲ ಮ್ಯಾಲ ಕೈ ಇಡಾಕ ಆಗಂಗಿಲ್ಲ.”

ಆಕೆಯ ಮಾತಿನಂತೆಯೇ ಯೋಜನೆ ಬರೆದೆ. ಆರೂವರೆಗೆ ಬುಡದಲ್ಲಿ ಉಪ್ಪಿಟ್ಟು, ಏಳಕ್ಕೆ ಆರಂಭ, ಒಂಬತ್ತಕ್ಕೆ ‘ಟರ್ನ್ ಅರೌಂಡ್ ಟೈಮ್’. ಅಂದರೆ ಆ ಹೊತ್ತಿಗೆ ಎಲ್ಲಿದ್ದರೂ ಸರಿ, ತುದಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಸರಿ, ತಿರುಗಿ ಇಳಿಯಲೇಬೇಕು. ಪ್ರಾಚಾರ್ಯರು ಓದಿ ತಲೆದೂಗಿದರು. ಕೆಳಗೆ ಕೈಬರಹದಲ್ಲಿ ಒಂದೇ ಸಾಲು ಸೇರಿಸಿದರು: ‘ಮುಖ್ಯ ಅತಿಥಿಗಳು ಹಸಿರು ನಿಶಾನೆ ತೋರಿಸಿ ಚಾಲನೆ ನೀಡುವರು, ನಂತರ ಅತಿಥಿಗಳೊಂದಿಗೆ ಉಪಾಹಾರ.’ ಆ ಸಾಲನ್ನು ಅಲ್ಲೇ ಹೊಡೆದುಹಾಕಬೇಕಿತ್ತು. ನಮ್ಮಲ್ಲಿ ಯಾರಾದರೂ ಗಣ್ಯರು ಬಂದು ಬಾವುಟ ಬೀಸದೆ ಒಂದು ಕಸಬರಿಗೆಯೂ ಅಲುಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುಮ್ಮನಾದೆ.

ಹೊರಟವರಲ್ಲಿ ರೇಣುಕಾ ಒಬ್ಬಳು. ಕಕ್ಕೇರಾದ ಹುಡುಗಿ, ಬಿ.ಎ. ಎರಡನೇ ವರ್ಷ, ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುವವಳು. ಅವರ ಮನೆಯಲ್ಲಿ ಹುಡುಗಿಯನ್ನು ಕಾಲೇಜಿಗೆ ಕಳಿಸಿದ್ದೇ ಹೆಚ್ಚು. ಚಾರಣಕ್ಕೆ ಒಪ್ಪಿಸಲು ಆಕೆಯ ತಂದೆಗೆ ನಾನೇ ಎರಡು ಸಲ ಫೋನ್ ಮಾಡಬೇಕಾಯಿತು. ಆ ದಿನ ಆಕೆ ನಸುಕಿನಲ್ಲೇ ಎದ್ದು ಅಣ್ಣನ ಬೈಕಿನ ಮೇಲೆ ಬಂದಿದ್ದಳು.

ಏಳಾಯಿತು, ಅತಿಥಿಗಳಿಲ್ಲ. ಎಂಟಕ್ಕೆ ಪ್ರಾಚಾರ್ಯರ ಹತ್ತಿರ ಹೋಗಿ, “ಸರ್, ಬಿಸಿಲು ಏರಾಕತ್ತೈತಿ, ಹೊರಡ್ತೀವಿ” ಎಂದೆ.

“ಅರ್ಧಾ ತಾಸಿನಾಗ ಬರ್ತಾರಂತ್ರಿ ಮೇಡಂ. ನಾವ ಕರದು ನಾವ ಹೋದ್ರ ಹ್ಯಾಂಗ್ರಿ?”

ಆ ಅರ್ಧ ತಾಸು ಮೂರು ತಾಸಾಯಿತು. ಶಾಮಿಯಾನದ ಕೆಳಗೆ ಮಕ್ಕಳು ಹೊಟ್ಟೆ ಹಿಡಿದು ಕೂತಿದ್ದರು. ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಹನ್ನೊಂದಕ್ಕೆ ಕಾರು ಬಂತು. ಶಾಲು, ಹಾರ, ಪೂರ್ವಿಕರ ಶೌರ್ಯದ ಬಗ್ಗೆ ಇಪ್ಪತ್ತು ನಿಮಿಷದ ಭಾಷಣ. ಗಣ್ಯರಿಗೆ ಇನ್ನೊಂದು ಕಾರ್ಯಕ್ರಮವಿತ್ತಂತೆ. ಉಪಾಹಾರ ಆಮೇಲೆ ಆಗಲಿ, ಮೊದಲು ಮಕ್ಕಳು ಹತ್ತುವ ಫೋಟೋ ಆಗಲಿ ಎಂದರು. ಅವರ ಹೊಟ್ಟೆ ತಣ್ಣಗಿರಲಿ! ಬಾವುಟ ಬೀಸಿದರು. ನಾನು ಸೀಟಿ ಊದಿದೆ. ಹೌದು, ನಾನೇ ಊದಿದೆ. ತಿರುಗಬೇಕಾದ ಹೊತ್ತು ಕಳೆದು ಎರಡು ತಾಸಿನ ಮೇಲಾಗಿತ್ತು, ನಾವು ಆಗ ಹತ್ತಲು ಶುರು ಮಾಡಿದೆವು.

ಮುಕ್ಕಾಲು ದಾರಿಯಲ್ಲಿ ರೇಣುಕಾ ನಿಂತಳು. ತನ್ನ ನೀರನ್ನು ಹಿಂದೆ ಬಿದ್ದ ಹುಡುಗಿಯರಿಗೆ ಕೊಟ್ಟು ಖಾಲಿ ಮಾಡಿಕೊಂಡಿದ್ದಳು. ಹೆಸರು ಹಿಡಿದು ಕರೆದರೆ ಏನೇನೋ ಉತ್ತರ ಕೊಟ್ಟಳು, ಆಮೇಲೆ ಕುಸಿದಳು. ಮುಟ್ಟಿದರೆ ಮೈ ಕಾದ ಹಂಚು, ಬೆವರು ನಿಂತಿತ್ತು. ಇದು ‘ಹೀಟ್ ಸ್ಟ್ರೋಕ್’, ಮೈಯ ಕಾವು ಇಳಿಸದಿದ್ದರೆ ಜೀವಕ್ಕೇ ಅಪಾಯ. ಬುರುಜಿನ ನೆರಳಿಗೆ ಎಳೆದುಕೊಂಡೆವು. ಕೂಗು ಕೇಳಿ ಹಣಮವ್ವ ಕೊಡಪಾನ ಹೊತ್ತು ಬಂದಳು. ನೀರನ್ನೆಲ್ಲ ಹುಡುಗಿಯ ತಲೆ, ಕುತ್ತಿಗೆ, ಕಂಕುಳಿಗೆ ಸುರಿದಳು. ಹೊತ್ತು ಇಳಿಸಲು ಸ್ಟ್ರೆಚರ್ ಇರಲಿಲ್ಲ. ತುದಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹೊತ್ತು ತಂದಿದ್ದ ಫ್ಲೆಕ್ಸ್ ಬ್ಯಾನರ್ ಇತ್ತು. ನಗುಮೊಗದ ಮುಖ್ಯ ಅತಿಥಿಗಳ ಮೇಲೆ ಆಕೆಯನ್ನು ಮಲಗಿಸಿ ಆರು ಜನ ಹುಡುಗರು ಕೆಳಗಿಳಿಸಿದರು. ಆ ಗಣ್ಯರಿಂದ ಆ ದಿನ ಆದ ಉಪಕಾರ ಅದೊಂದೇ. ಸುರಪುರದ ಆಸ್ಪತ್ರೆಯಲ್ಲಿ ಸಂಜೆಗೆ ಹುಡುಗಿ ಎದ್ದು ಕೂತಳು.

ಮರುದಿನ ಪ್ರಾಚಾರ್ಯರು ವರದಿ ಟೈಪ್ ಮಾಡಿಸಿ ಇಟ್ಟಿದ್ದರು. ಏಳಕ್ಕೆ ಆರಂಭವಂತೆ. ‘ಓರ್ವ ವಿದ್ಯಾರ್ಥಿನಿ ಉಪಾಹಾರ ಸೇವಿಸದೆ ನಿರ್ಲಕ್ಷ್ಯ ವಹಿಸಿದ್ದರಿಂದ’ ಅಸ್ವಸ್ಥಳಾದಳಂತೆ. ಓದಿ ಮೈಯೆಲ್ಲ ಉರಿಯಿತು.

“ಒಂದು ಸಹಿ ಹಾಕಿ ಬಿಡ್ರಿ ಮೇಡಂ. ಹುಡುಗಿ ಹುಷಾರಾಗ್ಯಾಳ, ಇನ್ಯಾಕ ಎಳ್ಯೋದು?”

ಉರಿಯುತ್ತಲೇ ಸಹಿ ಹಾಕಿದೆ. ಹಾಗೂ ಹಾಕಬಹುದೆಂದು ಅವತ್ತು ತಿಳಿಯಿತು.

ವರದಿಯ ಮಾತು ಊರೆಲ್ಲ ಹಬ್ಬಿತು. ನಾಲ್ಕನೇ ದಿನ ರೇಣುಕಾಳ ತಂದೆ ಮಗಳನ್ನು ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಬಂದರು. ಟಿ.ಸಿ. ಬೇಕಂತೆ, ಕಾಲೇಜು ಬಿಡಿಸುತ್ತಾರಂತೆ. ನನ್ನನ್ನೂ ಕರೆಸಿದರು.

“ಕೊಟ್ಟಿದ್ದ ತಿನ್ನಲಾರದ ಗುಡ್ಡಾ ಹತ್ಯಾಳ್ರಿ. ನಾಕು ಮಂದ್ಯಾಗ ನಮ್ಮ ಮರ್ಯಾದಿ ಕಳದ್ಲು. ಸಾಕ್ರಿ ಈಕಿ ಓದು” ಎಂದರು.

ರೇಣುಕಾ ಅಳಲಿಲ್ಲ. ನನ್ನ ಕಡೆ ತಿರುಗಿದಳು. “ಮೇಡಂ, ನಾ ಎರಡು ಸಲ ಕೇಳಿದ್ನಲ್ರಿ, ಹಸ್ತೈತಿ, ಒಂದೀಟು ಉಪ್ಪಿಟ್ಟು ಕೊಡ್ರಿ ಅಂತ. ಮುಚ್ಚಳಕ್ಕ ಕೈ ಹಚ್ಚೀದಿ ಅಂದ್ರ ನೋಡು ಅಂತ ಬೈದೋರು ನೀವ ಅಲ್ರಿ?”

ನಾನೇ. ಪಾತ್ರೆಯ ಪಕ್ಕ ಕಾವಲು ನಿಂತವಳೂ ನಾನೇ. ಮೇಲೆ ‘ಮುಚ್ಚಳ ತೆಗೆಯಲಿಲ್ಲ’ ಎಂದು ಬರೆದೆನಲ್ಲ, ಆ ನಾಲ್ಕು ದಿನ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ.

ವರದಿಯ ಪ್ರತಿ ಕೇಳಿ ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಬರೆದೆ: ಆರಂಭವಾದದ್ದು ಹನ್ನೊಂದೂವರೆಗೆ. ಯಾರಿಗೂ ಉಪಾಹಾರ ಕೊಡಲಿಲ್ಲ. ತಡೆದದ್ದು ನಾನು. ಬರೆದದ್ದನ್ನು ತಂದೆಗೆ ಗಟ್ಟಿಯಾಗಿ ಓದಿ ಹೇಳಿದೆ.

“ಮೆಮೊ ಬರ್ತದ್ರಿ ಮೇಡಂ” ಎಂದರು ಪ್ರಾಚಾರ್ಯರು.

“ಬರಲಿ ಬಿಡ್ರಿ” ಎಂದೆ. ಬಂತು ಕೂಡ.

ರೇಣುಕಾಳ ತಂದೆ ಟಿ.ಸಿ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು. ಹೋಗುವಾಗ ಅಂದರು: “ಓದಲಿ. ಆದ್ರ ನಿಮ್ಮ ಸಂಗಾಟ ಎಲ್ಲೀಗೂ ಕಳ್ಸಂಗಿಲ್ರಿ.”

ಮೂವತ್ತು ವರ್ಷ ನನ್ನ ಸಿಟ್ಟಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಅದು ತಿರುಗಿ ಮಾತಾಡಲಾರದ ಮಕ್ಕಳ ಮೇಲೆ ಮಾತ್ರ ಏರುತ್ತಿತ್ತು, ಕುರ್ಚಿಯ ಮುಂದೆ ಬಾಲ ಮುದುರುತ್ತಿತ್ತು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಕೊನೆಯ ವರ್ಷಗಳಲ್ಲಿ. ರೇಣುಕಾ ಬಿ.ಎ. ಮುಗಿಸಿದಳು. ಕೋಟೆಯ ತುದಿಯನ್ನು ಮಾತ್ರ ನೋಡಲಿಲ್ಲ. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಅದು ಪ್ರಾಚಾರ್ಯರ ಮೇಲಿನದೂ ಅಲ್ಲ, ಅತಿಥಿಗಳ ಮೇಲಿನದೂ ಅಲ್ಲ.