ಮೀನಿಗೆ ತೀರ್ಥ ಹಾಕಿದ ದಿನ

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಠಾಣೆ ಶಹರದಲ್ಲಿ ವಾರದಿಂದ ಬಿಟ್ಟೂಬಿಡದ ಮಳೆ. ವರ್ತಕ ನಗರದ ನಮ್ಮ ಎರಡು ರೂಮಿನ ಮನೆಯಲ್ಲಿ ಒಂದು ಕರವಸ್ತ್ರ ಕೂಡ ಒಣಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಮನೆಗೆ ನಾಲ್ಕು ಮೀನು ಬಂದವು.

ತರಿಸಿದವಳು ನನ್ನ ಮಗಳು ಸಾನ್ವಿ. ಆಗ ಎರಡನೇ ಕ್ಲಾಸಿನಲ್ಲಿದ್ದಳು. ಹುಟ್ಟುಹಬ್ಬಕ್ಕೆ ಮೀನೇ ಬೇಕೆಂದು ಊಟ ಬಿಟ್ಟು ಹಟ ಹಿಡಿದಳು. ನಮ್ಮದು ಧಾರವಾಡದ ಕಡೆಯ ವೈಷ್ಣವರ ಮನೆ. "ನಮ್ಮ ಮನ್ಯಾಗ ಮೀನಾ?" ಎಂದು ಅತ್ತೆ ಹೌಹಾರಿದರು. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ನನ್ನ ಯಜಮಾನರು ಸಾಕಷ್ಟು ವಾದಿಸಿದ ಮೇಲೆ, "ಹಂಗಾದ್ರ ಬರ್ಲಿ. ದೇವರೂ ಒಮ್ಮೆ ಮೀನಾಗ್ಯಾನ" ಎಂದು ಒಪ್ಪಿಕೊಂಡರು. ನೌಪಾಡಾದ ಒಂದು ಅಂಗಡಿಯಿಂದ ಗಾಜಿನ ತೊಟ್ಟಿ ಮತ್ತು ಏಂಜೆಲ್ ಮೀನುಗಳನ್ನು ತಂದು ಹಾಲ್‌ನಲ್ಲಿ ಟೀವಿಯ ಪಕ್ಕ ಇಟ್ಟೆವು. ಸಂಜೆಯೊಳಗೆ ಅತ್ತೆಯೇ ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸೀರಿಯಲ್ ಕೂಡ ಬೇಡವಾಯಿತು.

ಆದರೆ ಎರಡೇ ದಿನದಲ್ಲಿ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ತಿನ್ನುವುದನ್ನು ಬಿಟ್ಟವು. ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳತೊಡಗಿದವು. ಒಂದಂತೂ ತಳಕ್ಕೆ ಹೋಗಿ ಓರೆಯಾಗಿ ಮಲಗಿಬಿಟ್ಟಿತು. ಸಾನ್ವಿ ಅಜ್ಜಿಯ ಸೆರಗು ಹಿಡಿದು, "ಅಜ್ಜಿ, ಯೇ ಮರ್ ಜಾಯೇಂಗೇ ಕ್ಯಾ?" ಎಂದು, ಅವು ಸತ್ತೇ ಹೋಗುತ್ತವೆಂದು ಅಳಲು ಶುರು ಮಾಡಿದಳು. ನಾವೆಲ್ಲ ಕನ್ನಡದಲ್ಲಿ ಮಾತಾಡಿದರೂ ಅವಳ ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲೇ.

ಅಂಗಡಿಯವನಿಗೆ ಫೋನ್ ಮಾಡಿದೆ. "ಬಾರಿಶ್ ಮೇ ಐಸಾ ಹೋತಾ ಹೈ ಮ್ಯಾಡಮ್. ಹೀಟರ್ ಲಗಾವೋ, ಥೋಡಾ ನಮಕ್ ಡಾಲೋ, ಆಧಾ ಪಾನೀ ಬದಲೀ ಕರೋ" ಎಂದ. ಯಜಮಾನರು ಅಂದೇ ಆಫೀಸಿನಿಂದ ಬರುವಾಗ ನೀರಿನೊಳಗೆ ಇಳಿಬಿಡುವ ಗಾಜಿನ ಕೊಳವೆಯ ಹೀಟರ್ ತಂದರು. ಮರುದಿನ ಬೆಳಿಗ್ಗೆ ಲೋಕಲ್ ಟ್ರೇನು ತಪ್ಪುತ್ತದೆಂದು ಗಡಿಬಿಡಿಯಲ್ಲಿ ಅರ್ಧ ನೀರು ತೆಗೆದು, ಬಕೆಟ್‌ನಿಂದ ಹೊಸ ನೀರು ಸುರಿದು, ಛತ್ರಿ ಹಿಡಿದು ಓಡಿದರು. ಹೀಟರ್ ಆನ್ ಆಗಿಯೇ ಇತ್ತು. ನಮ್ಮ ಯಾರ ತಲೆಗೂ ಅದು ಹೊಳೆಯಲಿಲ್ಲ.

ಇಲ್ಲಿ ಅತ್ತೆಯ ಮಡಿಯ ಬಗ್ಗೆ ಹೇಳಬೇಕು. ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟ ಮೇಲೆ, ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಅವರಿಗೆ ಮತ್ತೆ ಸ್ನಾನ, ನಮಗೆ ಮಂಗಳಾರತಿ. ಅಂಗೈಯಗಲದ ಈ ಮನೆಯಲ್ಲಿ ಸೋಕದೆ ಓಡಾಡುವುದು ಹೇಗೆ ಎಂದು ನಾನು ಜಗಳ ಕಾದದ್ದುಂಟು. ಆ ವಾರ ಮಳೆಗೆ ಮಡಿಸೀರೆ ಒಣಗಿರಲಿಲ್ಲ. ಅಂದು ಅತ್ತೆ ಅದನ್ನು ಹಿಂಡಿ ಒದ್ದೆಯನ್ನೇ ಉಟ್ಟುಕೊಂಡರು.

"ಥಂಡಿ ಆಗ್ತದ ಅತ್ತಿ" ಎಂದೆ.

"ನಿನ್ನ ಕೆಲಸ ನೀ ನೋಡು" ಎಂದರು. ನೋಡಿದೆ.

ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರಿಂದ ಸಾನ್ವಿ ಒಳಗಿನ ರೂಮಿನಲ್ಲಿದ್ದಳು. ಅತ್ತೆ ದೇವರ ಅಭಿಷೇಕ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಹಾಲ್‌ಗೆ ಬಂದರು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಕೂಸು ನಿನ್ನೆಯಿಂದ ಅಳ್ಲಿಕತ್ತದ. ಇವಕ್ಕ ಒಂದ್ ಹನಿ ತೀರ್ಥ ಹಾಕ್ತೇನಿ, ನೆಟ್ಟಗಾಗ್ತಾವ" ಎಂದರು.

"ಹಾಕ್ರಿ, ಅದೊಂದು ಉಳದಿತ್ತು" ಎಂದು ನಾನು ನಕ್ಕೆ.

ಮೇಲಿನಿಂದ ಹಾಕಿದರೆ ತಳದಲ್ಲಿ ಮಲಗಿದ ಮೀನಿಗೆ ತಲುಪಲಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿತೋ ಏನೋ, ಬೆಳ್ಳಿಯ ಚಮಚವನ್ನು ಕೈಸಮೇತ ನೀರಿನೊಳಗೆ ಇಳಿಸಿದರು.

ಆಗ ಬಂದ ಶಬ್ದವನ್ನು ಬರೆಯಲು ನನಗೆ ಬರುವುದಿಲ್ಲ. ಮನುಷ್ಯರ ಬಾಯಿಂದ ಅಂಥದ್ದನ್ನು ನಾನು ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ಅತ್ತೆಯ ಇಡೀ ಮೈ ಗಡಗಡ ನಡುಗುತ್ತಿದೆ, ಹಲ್ಲು ಕಚ್ಚಿಕೊಂಡಿದೆ, ಕೈ ನೀರಿನಿಂದ ಹೊರಗೆ ಬರುತ್ತಿಲ್ಲ. ಕರೆಂಟು ಎಂದು ಗೊತ್ತಾಗುವಷ್ಟರಲ್ಲಿ ಒಳಗಿನಿಂದ ಸಾನ್ವಿ "ಅಜ್ಜೀ!" ಎಂದು ಎರಡೂ ಕೈ ಚಾಚಿ ಓಡಿ ಬಂದಳು. ಕೂಗಲು ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ.

ಮಗು ಅಜ್ಜಿಯ ಮೊಣಕೈಗೆ ಗೇಣು ದೂರದಲ್ಲಿ ಗಕ್ಕನೆ ನಿಂತುಬಿಟ್ಟಳು. ಹೆದರಿ ಮರಗಟ್ಟಿದಳು ಎಂದುಕೊಂಡೆ. ಬಾಗಿಲ ಮೇಲಿನ ಮೇನ್ ಸ್ವಿಚ್ಚಿಗೆ ನನ್ನ ಕೈ ಎಟುಕುವುದಿಲ್ಲ. ಕೈಯಲ್ಲಿದ್ದ ಲಟ್ಟಣಿಗೆಯಿಂದಲೇ ಅದನ್ನು ಕೆಳಗೆ ಬಡಿದೆ. ಫ್ಯಾನು ನಿಂತಿತು. ಅತ್ತೆ ಸೋಫಾದ ಅಂಚಿಗೆ ತಾಗಿ ನೆಲಕ್ಕೆ ಬಿದ್ದರು.

ಎದುರು ಮನೆಯ ಮರಾಠಿ ಕಾಕು ಓಡಿ ಬಂದು, "ಘಾಬರೂ ನಕೋಸ್, ಶ್ವಾಸ್ ಆಹೇ" ಎಂದು, ಉಸಿರಿದೆ ಎಂದು ಧೈರ್ಯ ಹೇಳಿದಾಗ ನನ್ನ ಉಸಿರೂ ಮರಳಿತು. ಮಳೆಯಲ್ಲೇ ರಿಕ್ಷಾ ಹಿಡಿದು ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಬೆರಳುಗಳು ಸುಟ್ಟಿದ್ದವು, ಎದೆಬಡಿತ ಏರುಪೇರಾಗಿತ್ತು. ಒಂದು ದಿನ ಇಟ್ಟುಕೊಂಡು ನೋಡುತ್ತೇವೆ ಎಂದ ಡಾಕ್ಟರು, "ಯಾರೂ ಹಿಡಿಯಲು ಹೋಗಲಿಲ್ಲವಲ್ಲ, ಅದೇ ಪುಣ್ಯ. ಹೋಗಿದ್ದರೆ ಅವರೂ ಅಂಟಿಕೊಳ್ಳುತ್ತಿದ್ದರು" ಎಂದರು.

ಸುದ್ದಿ ಕೇಳಿ ಓಡಿ ಬಂದ ಯಜಮಾನರು ಮನೆಗೆ ಹೋಗಿ ಹೀಟರ್ ತೆಗೆದು ನೋಡಿದರೆ ಕೊಳವೆಯಲ್ಲಿ ಕೂದಲಿನಷ್ಟು ಸಣ್ಣ ಸೀಳು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದು ಒಡೆದಿತ್ತು. ಮೀನುಗಳು ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ತಿರುಗುತ್ತಿದ್ದವಂತೆ. ನೀರಿನಲ್ಲೇ ಇದ್ದವಕ್ಕೆ ಕರೆಂಟು ಹೊಡೆಯಲಿಲ್ಲ, ಒದ್ದೆ ಸೀರೆಯಲ್ಲಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೀರು ಮುಟ್ಟಿದವರಿಗೆ ಹೊಡೆಯಿತು. ಸಾಯುತ್ತವೆ ಎಂದು ನಾವು ಅತ್ತದ್ದು ಮೀನುಗಳಿಗಾಗಿ! ಎಲ್ಲವನ್ನೂ ಎತ್ತಿ ಗಟಾರಕ್ಕೆ ಎಸೆಯಬೇಕು ಎನ್ನುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ ಅನ್ನಿ. ಅವು ಗುಣವಾದವು ಕೂಡ.

ಸಂಜೆ ಅತ್ತೆ ಎಚ್ಚರವಾಗಿ ಮಾತಾಡತೊಡಗಿದರು. ಸಾನ್ವಿ ಮಾತ್ರ ಹಾಸಿಗೆಯ ಹತ್ತಿರ ಬರಲಿಲ್ಲ. ಬಾಗಿಲ ಬಳಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. "ಬಾರವಾ, ನನಗ ಏನೂ ಆಗಿಲ್ಲ" ಎಂದು ಅತ್ತೆ ಕರೆದದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತಳು.

"ಮೈನೇ ಅಜ್ಜಿ ಕೋ ನಹೀ ಬಚಾಯಾ. ಪಕಡ್‌ನೇವಾಲೀ ಥೀ. ಫಿರ್ ಯಾದ್ ಆಯಾ, ಅಜ್ಜಿ ಮಡಿ ಮೇ ಹೈ. ಛುವಾ ತೋ ಡಾಂಟೇಗೀ."

ಪಕ್ಕದ ಸ್ಟೂಲ್ ಮೇಲೆ ಕುಸಿದು ಕುಳಿತೆ. ಅವಳು ಹೆದರಿ ನಿಂತದ್ದಲ್ಲ. ಹಿಡಿಯಲು ಬಂದವಳು, ಅಜ್ಜಿ ಮಡಿಯಲ್ಲಿದ್ದಾರೆ, ಮುಟ್ಟಿದರೆ ಬೈಯುತ್ತಾರೆಂದು ನಿಂತಿದ್ದಳು. ಅತ್ತೆಯ ಮುಖ ಬೆಳ್ಳಗಾಯಿತು. ಆಮೇಲೆ ಬ್ಯಾಂಡೇಜು ಸುತ್ತಿದ ಕೈ ಚಾಚಿ, "ಈಗ ಮಡಿ ಇಲ್ಲವ್ವಾ. ಬಾ, ಮುಟ್ಟು" ಎಂದರು. ಮಗು ಹಾಸಿಗೆ ಹತ್ತಿ ಅವರ ಕತ್ತು ತಬ್ಬಿಕೊಂಡಳು. ನಾನು ಹೊರಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಅತ್ತೆಯನ್ನು ಈ ಗಂಡಾಂತರಕ್ಕೆ ನೂಕಿದ್ದು ಒದ್ದೆ ಮಡಿ, ನನ್ನ ಮಗಳನ್ನು ಉಳಿಸಿದ್ದೂ ಅದೇ ಮಡಿ. ಬೈಯಬೇಕೋ ಕೈ ಮುಗಿಯಬೇಕೋ ನನಗಿನ್ನೂ ತಿಳಿದಿಲ್ಲ. ಅವಳು ಸ್ವಲ್ಪ ಧೈರ್ಯ ಮಾಡಿ ಮುಟ್ಟಿಬಿಟ್ಟಿದ್ದರೆ ಎಂಬ ಯೋಚನೆ ಮಾತ್ರ ಚಪಾತಿ ಲಟ್ಟಿಸುವಾಗ, ಬಸ್ಸಿನಲ್ಲಿ ಕುಳಿತಾಗ ಹೇಳದೆ ಕೇಳದೆ ಬರುತ್ತದೆ. ಮನೆಯಲ್ಲಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ಹೋಗಿ ಅವಳ ತಲೆ ಮುಟ್ಟಿ ಬರುತ್ತೇನೆ. "ಕ್ಯಾ ಹುವಾ, ಅಮ್ಮಾ?" ಎನ್ನುತ್ತಾಳೆ, ಪುಸ್ತಕದಿಂದ ತಲೆ ಎತ್ತದೆ. ಏನಿಲ್ಲ ಎನ್ನುತ್ತೇನೆ.