ಇಸ್ತ್ರಿಯವನ ಮನೆಯ ಪ್ರಾರ್ಥನೆ

ಇಸ್ತ್ರಿಯವನು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೇ ಅರ್ಧ ದಿನದ ಕೆಲಸ ಮುಗಿಸಿರುತ್ತಿದ್ದ. ಹೆಂಡತಿಯನ್ನು ಮಗ್ಗುಲು ಹೊರಳಿಸಬೇಕು, ಮೈ ಒರೆಸಬೇಕು, ಕೆಳಗಿನ ಬಟ್ಟೆ ಬದಲಿಸಬೇಕು, ತಲೆ ಬಾಚಬೇಕು. ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಬರುತ್ತಿತ್ತು, ಆದರೆ ಆಳದ ಬಾವಿಯಿಂದ ನೀರು ಸೇದಿದ ಹಾಗೆ. ಒಂದು ಮಾತು ಮೇಲೆ ಬರುವಷ್ಟರಲ್ಲಿ ಕೇಳುವವರ ಕೈಯೇ ಸೋಲುತ್ತಿತ್ತು.

ಅವನು ಹೊರಡುವ ಹೊತ್ತಿಗೆ ಅತ್ತೆ ಬಂದು ಮಗಳ ಹತ್ತಿರ ಕೂರುತ್ತಿದ್ದಳು. ಆಕೆಗೆ ಕೈಗಿಂತ ಬಾಯಿ ಚುರುಕು.

"ಏನ್ ಅಳಿಯಂದ್ರೆ, ಕನ್ನಡಿ ನೋಡ್ಕೊಂಡ್ರಾ? ಊರವರ ಬಟ್ಟೆ ಸುಕ್ಕೆಲ್ಲ ನಿಮ್ಮ ಮುಖಕ್ಕೆ ಬಂದಿದೆ."

"ಬರ್ಲಿ ಬಿಡಿ ಅತ್ತೆ" ಎನ್ನುತ್ತಿದ್ದ. ಅವನು ಅದಕ್ಕಿಂತ ಹೆಚ್ಚು ಮಾತಾಡುವವನಲ್ಲ.

ಅಂಗಡಿ ಎಂದರೆ ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಹಳೇ ಕಂಬಳಿ ಹಾಸಿದ ಮೇಜು, ಒಂದು ಚೊಂಬು ನೀರು, ಒಳಗೆ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ. ನೀರು ಚಿಮುಕಿಸುವುದು, ತಿಕ್ಕುವುದು, ಮಡಿಸುವುದು. ದಿನವಿಡೀ ನಿಂತೇ ಇರುವ ಕೆಲಸ.

ಲಕ್ವ ಹೊಡೆಯುವ ಮೊದಲು ಬೀದಿಯಲ್ಲಿ ಅವನನ್ನು ಕೇಳುವವರು ಕಡಿಮೆ, ಅವನ ಹೆಂಡತಿಯನ್ನು ಕೇಳುವವರೇ ಹೆಚ್ಚು. ಮಗುವಿಗೆ ಜ್ವರ ಎಂದು, ಗಂಡ ಕುಡಿಯುತ್ತಾನೆಂದು, ಕೆಲಸ ಹೋಯಿತೆಂದು ಹೆಂಗಸರು ಅವಳ ಅಡುಗೆಮನೆಗೇ ಬರುತ್ತಿದ್ದರು. ಅವಳು ಈರುಳ್ಳಿ ಹೆಚ್ಚುತ್ತಲೇ ಎಲ್ಲ ಕೇಳಿಸಿಕೊಂಡು, ಕೈ ಒರೆಸಿಕೊಂಡು, ಅಲ್ಲೇ ನಿಂತು ಪ್ರಾರ್ಥನೆ ಮಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿರುವವನನ್ನು ಕೂಗಿ ಮಾತಾಡಿದ ಹಾಗೆ ಯೇಸಪ್ಪನ ಹತ್ತಿರ ಮಾತಾಡುತ್ತಿದ್ದಳು. ಮುಗಿದ ಮೇಲೆ ನಗುತ್ತಿದ್ದಳು. ಬಂದವರೂ ನಕ್ಕೇ ಹೋಗುತ್ತಿದ್ದರು. ಇಸ್ತ್ರಿಯವನಿಗೂ ನಂಬಿಕೆ ಇತ್ತು. ಆದರೆ ಅದು ತಾಯಿ ಹಸುವಿನ ಹಿಂದೆ ಹೋಗುವ ಕರುವಿನಂಥದ್ದು. ಅವಳು ಎಲ್ಲಿಗೆ ನಡೆದರೆ ಅಲ್ಲಿಗೆ.

ಅವರ ಚರ್ಚಿನ ಸಭೆಯಲ್ಲಿ ಗುರುವಾರ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ ಸೇರುವ ಪದ್ಧತಿ. ಅವಳು ಮಲಗಿದ ಮೇಲೆ ಇವರ ಮನೆಯ ಸರದಿ ಬೇಗ ಬೇಗ ಬರತೊಡಗಿತು. ಎಲ್ಲ ಪ್ರೀತಿಯಿಂದಲೇ. ಬಂದವರು ಮಂಚದ ಸುತ್ತ ನಿಂತು ಅವಳಿಗೆ ವಾಸಿಯಾಗಲಿ ಎಂದು ಬೇಡುತ್ತಿದ್ದರು. ಅವರಲ್ಲಿ ತರಕಾರಿ ಗಾಡಿಯವನೊಬ್ಬನಿದ್ದ. ಬೀದಿಯಲ್ಲಿ ಟೊಮೆಟೊ ಕೂಗಿ ಕೂಗಿ ಅವನ ದನಿ ಆ ಜೋರಿಗೇ ನಿಂತುಬಿಟ್ಟಿತ್ತು, ಎಲ್ಲರೂ ಮೈಕಪ್ಪ ಎನ್ನುತ್ತಿದ್ದರು. ಅವನು ಪ್ರಾರ್ಥನೆಗೆ ನಿಂತರೆ ಮೂರು ಮನೆ ಆಚೆಯ ಕೂಸು ಎದ್ದು ಅಳುತ್ತಿತ್ತು.

"ನಂಬು ತಾಯಿ! ನಂಬಿದ್ರೆ ಈಗ್ಲೇ ಎದ್ದು ನಡೀತೀಯ!"

ಆಮೆನ್ ಆದ ಮೇಲೆ ಎಲ್ಲರೂ ಅವಳ ಬಲಗಾಲನ್ನು ನೋಡುತ್ತಿದ್ದರು. ಕಾಲು ಅಲುಗುತ್ತಿರಲಿಲ್ಲ. ಆಮೇಲೆ ಯಾರೂ ಅವಳ ಮುಖ ನೋಡದೆ ಮೆಲ್ಲಗೆ ಹೋಗುತ್ತಿದ್ದರು.

ಹೋದ ಸಲ ಅವರು ಇನ್ನೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗಲೇ ಅವಳು ಗೋಡೆ ಕಡೆ ಮುಖ ತಿರುಗಿಸಿ, "ಸಾಕು" ಎಂದಳು. ಏನು ಸಾಕು ಎಂದು ಅವನು ಕೇಳಲಿಲ್ಲ. ಕೇಳಲು ಹೆದರಿಕೆ. ಅವತ್ತಿನಿಂದ ಅವಳು ಕಣ್ಣು ಮುಚ್ಚಿ ತುಟಿ ಅಲುಗಿಸುವುದನ್ನೂ ನಿಲ್ಲಿಸಿದಳು. ಅವಳೇ ಕೈಬಿಟ್ಟರೆ ತನ್ನ ಕೈಯಲ್ಲಿ ಉಳಿಯುವುದೇನು ಎಂದು ಅವನು ಮೇಜಿನ ಮುಂದೆ ನಿಂತು ಯೋಚಿಸುತ್ತಿದ್ದ. ಹೀಗೆ ಯೋಚಿಸುತ್ತ ನಿಂತಾಗಲೇ ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂತು. ಪೆಟ್ಟಿಗೆ ಎತ್ತಿ ನೋಡಿದರೆ ಬಸ್ ಕಂಡಕ್ಟರನ ಖಾಕಿ ಅಂಗಿಯ ಬೆನ್ನ ಮೇಲೆ ಕಂದು ಕಲೆ.

ಕಂಡಕ್ಟರ್ ಸಭೆಯವನೇ, ಗುರುವಾರದ ಸರದಿ ಗೊತ್ತುಮಾಡುವವನು. ಅಂಗಿ ನೋಡಿದವನು ಬೈಯಲಿಲ್ಲ.

"ಹೋಗ್ಲಿ ಬಿಡಣ್ಣ. ಬೆನ್ನು ತಾನೆ, ಸೀಟಿಗೆ ಒರಗಿ ನಿಂತ್ರೆ ಕಾಣಲ್ಲ. ಈ ಗುರುವಾರ ನಿಮ್ಮನೇಲಿ, ಜ್ಞಾಪಕ ಇದೆಯಲ್ಲ?"

"ನಮ್ಮನೆ ಬೇಡ ತಮ್ಮ."

"ಯಾಕೆ? ಅಕ್ಕಂಗೆ ಜಾಸ್ತಿ ಆಯ್ತಾ?"

"ಇಲ್ಲ. ಸಾಕು ಅಂದ್ಲು."

ಕಂಡಕ್ಟರ್ ಸರಿ ಎಂದ. ಆದರೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅಂಗಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅಕ್ಕನ ಹತ್ರ ಒಂದು ಹೇಳೋದಿತ್ತು. ನಮ್ಮನೆಯವಳು ಬಸುರಿ ಅಣ್ಣ. ಮೊದಲಿನ ಎರಡೂ ನಿಲ್ಲಲಿಲ್ಲ, ನಿಮಗೇ ಗೊತ್ತಲ್ಲ. ಈ ಸಲಾನೂ ಹಾಸಿಗೆ ಬಿಟ್ಟು ಏಳಲೇಬೇಡ ಅಂದಿದ್ದಾರೆ ಡಾಕ್ಟ್ರು. ಬಸ್ಸಲ್ಲಿ ಚಿಲ್ರೆ ಲೆಕ್ಕವೇ ತಪ್ಪಿಹೋಗುತ್ತೆ ನಂಗೆ."

"ಅವಳಿಗೆ ಹೇಳಬೇಕಿತ್ತಲ್ಲ ಮತ್ತೆ?"

"ಹೇಗೆ ಹೇಳ್ಲಿ? ಅವರೇ ಆ ಸ್ಥಿತಿಲಿದ್ದಾರೆ. ಮನೆಗೆ ಬೆಂಕಿ ಬಿದ್ದಿರುವಾಗ ಬೀಡಿಗೆ ಕಿಡಿ ಕೇಳಿದ ಹಾಗಾಗುತ್ತೆ. ನಾನೊಬ್ನೇ ಅಲ್ಲ, ಯಾರೂ ಹೇಳ್ತಿಲ್ಲ. ಅಕ್ಕಂಗೆ ಯಾಕೆ ಭಾರ ಅಂತ."

ಇಸ್ತ್ರಿಯವನು ಚೊಂಬಿನೊಳಗೆ ಬೆರಳದ್ದಿಕೊಂಡು ಹಾಗೇ ನಿಂತ. ಅವಳು ಮಲಗಿದ ದಿನದಿಂದ ಯಾರೂ ಅವಳನ್ನು ಏನೂ ಕೇಳಿಲ್ಲ. ತಾನೂ ಕೇಳಿಲ್ಲ. ನೀರು ಬೇಕಾ, ಹೊರಳಿಸ್ಲಾ, ಇಷ್ಟೇ. ಎಲ್ಲರೂ ಅವಳಿಗೋಸ್ಕರ ಬೇಡುತ್ತಾರೆ, ಅವಳ ಹತ್ತಿರ ಬೇಡುವವರಿಲ್ಲ. ಒಲೆ ಆರಿದ ಮನೆಗೆ ದಿನಾ ಬುತ್ತಿ ತಂದಿಟ್ಟು, ಒಲೆ ಮಾತ್ರ ಹೊತ್ತಿಸದೆ ಹೋದ ಹಾಗಾಯಿತು ಇದು.

"ಗುರುವಾರ ನಮ್ಮನೆಗೇ ಬನ್ನಿ" ಎಂದ. "ಈಗ ಹೇಳಿದ್ದನ್ನ ಅಲ್ಲಿ ಹೇಳು."

"ಬೈತಾರೇನೋ."

"ಬೈಲಿ. ಅವಳು ಬೈದ್ರೂ ಸಾಕು ನಂಗೆ."

ಗುರುವಾರ ಸಂಜೆ ಚಾಪೆ ಹಾಸಿದ. ಬಂದವರು ಗೋಡೆಗೊರಗಿ ಕೂತರು. ಅವಳು ಯಾರನ್ನೂ ನೋಡದೆ ಗೋಡೆ ಕಡೆ ಮಗ್ಗುಲಾಗಿ ಮಲಗಿದ್ದಳು. ಮೈಕಪ್ಪ ಎದ್ದು ಗಂಟಲು ಸರಿಮಾಡಿಕೊಂಡ. ಇಸ್ತ್ರಿಯವನು ಅವನ ತೋಳು ಹಿಡಿದ.

"ಇವತ್ತು ವಾಸಿಮಾಡು ಅಂತ ಕೇಳೋದು ಬೇಡ."

"ಯಾಕಪ್ಪ, ನಂಬಿಕೆ ಬಿಟ್ಯಾ?"

"ಗೊತ್ತಿಲ್ಲ. ಈ ತಮ್ಮ ಏನೋ ಹೇಳ್ತಾನೆ. ಮೊದಲು ಅದನ್ನ ಕೇಳೋಣ."

ಕಂಡಕ್ಟರ್ ಚಾಪೆಯ ದಾರ ಕೀಳುತ್ತ ಎಲ್ಲ ಹೇಳಿದ. ಮಂಚದ ಮೇಲಿನ ಬೆನ್ನು ಅಲುಗಲಿಲ್ಲ. ಮುಗಿಯಿತು, ಇವಳು ಕೈಬಿಟ್ಟಳು, ಅಂದುಕೊಂಡ ಇಸ್ತ್ರಿಯವನು.

"ಎಷ್ಟು... ತಿಂಗಳು?"

ಗೋಡೆ ಕಡೆಯಿಂದ ಬಂತು ಮಾತು.

"ಐದು, ಅಕ್ಕ."

"ನನ್ನ... ತಿರುಗ್ಸಿ."

ಅವನು ಓಡಿಹೋಗಿ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟ. ಅವಳು ಎಡಗೈ ಚಾಚಿದಳು. ಕಂಡಕ್ಟರ್ ಮಂಡಿಯೂರಿ ತಲೆ ಕೊಟ್ಟ.

"ಯೇಸಪ್ಪ... ಈ ಹುಡುಗನ... ಮನೇಲಿ..." ಎಂದು ನಿಲ್ಲಿಸಿದಳು. ಮುಂದಿನ ಮಾತು ಹುಡುಕುತ್ತಿದ್ದಳು.

"ಆಮೆನ್" ಎಂದಳು ಅತ್ತೆ.

"ಅಮ್ಮಾ. ಮುಗಿದಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆ, "ಸರಿ ತಾಯಿ, ನಿಧಾನಕ್ಕೆ ಮಾಡು, ಅವನೇನು ಬಸ್ ಹಿಡೀಬೇಕಾ" ಎಂದಳು. ಕಂಡಕ್ಟರನಿಗೂ ತಲೆ ತಗ್ಗಿಸಿದಲ್ಲೇ ನಗು ಬಂತು. ಅವಳು ಆ ಕೂಸಿಗೋಸ್ಕರ ಬಹಳ ಹೊತ್ತು ಬೇಡಿದಳು. ಹೆಚ್ಚಿನ ಹೊತ್ತು ಬರೀ ಮೌನವೇ. ಆದರೆ ಅದು ಮುಂಚಿನ ಮೌನವಲ್ಲ, ಕೆಲಸ ಮಾಡುವವರ ಮೌನ. ಹಣೆಯಲ್ಲಿ ಬೆವರು ಕೂತಿತ್ತು.

ಆಮೇಲೆ ಮೈಕಪ್ಪ ಮಂಚದ ಹತ್ತಿರ ಬಂದ. ಅವನಿಗೂ ಸಣ್ಣ ದನಿ ಇದೆಯೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು. ಮಗಳು ತನ್ನ ಜೊತೆ ಮಾತು ಬಿಟ್ಟಿದ್ದಾಳೆ, ತಪ್ಪು ತನ್ನದೇ ಎಂದ. ಅವನಿಗೋಸ್ಕರವೂ ಬೇಡಿದಳು.

ಬೇಡಿ, ಗಂಡನ ಕಡೆ ನೋಡಿದಳು. "ನಿಮಗೆ?"

"ನಂಗೇನಿದೆ."

ಅವಳು ನೋಡುತ್ತಲೇ ಇದ್ದಳು.

"ಸುಸ್ತಾಗಿದೆ ಕಣೇ" ಎಂದ. ಇಷ್ಟು ಜನರ ಮುಂದೆ ಹೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೆ ನಿಲ್ಲಿಸಲಾಗಲಿಲ್ಲ. "ಬೆಳಿಗ್ಗೆ ಎದ್ದೇಳೋಕೆ ಮನಸ್ಸಾಗಲ್ಲ. ಪ್ರಾರ್ಥನೆ ಮಾಡೋಣ ಅಂದ್ರೆ ಬಾಯಿ ಒಣಗುತ್ತೆ. ನೀನೂ ದೇವರನ್ನ ಬಿಟ್ಟೆ ಅಂದ್ಕೊಂಡೆ."

"ಬಿಟ್ಟಿಲ್ಲ. ಇವರು... ಬಂದು... ಕಾಲು ನೋಡ್ತಾರೆ. ಅದು... ಸಾಕು."

ಮೈಕಪ್ಪ ತಲೆ ತಗ್ಗಿಸಿದ. ಇಸ್ತ್ರಿಯವನು ನೆಲದ ಮೇಲೆ ಕೂತು ಮಂಚದ ಅಂಚಿಗೆ ಹಣೆ ಇಟ್ಟ. ಅವಳ ಎಡಗೈ ಅವನ ತಲೆಯ ಮೇಲೆ ಬಂತು. ಯೇಸಪ್ಪ ಎನ್ನುವುದು ಕೇಳಿಸಿತು, ಇವರ ಬೆನ್ನು ಎನ್ನುವುದು ಕೇಳಿಸಿತು, ನಗು ಕೊಡು ಎನ್ನುವುದೂ ಕೇಳಿಸಿತು. ಅದರ ಮುಂದಿನದು ಕೇಳಿಸಲಿಲ್ಲ.

"ನಿದ್ದೆ ಹೋದ್ರು ಅಳಿಯಂದ್ರು" ಎಂದಳು ಅತ್ತೆ. "ಎಬ್ಬಿಸ್ಲಾ?"

"ಬೇಡ."

ಅವಳು ಕೈಯನ್ನು ಅವನ ತಲೆಯ ಮೇಲೇ ಬಿಟ್ಟು, ಗೋಡೆಗೊರಗಿ ಕೂತಿದ್ದ ಉಳಿದವರ ಕಡೆ ತಿರುಗಿದಳು.

"ಇನ್ನ್... ಯಾರದಿದೆ? ಹೇಳಿ."